ತೆನೆಯ ಸಾಲು ಎಣಿಸಿದ ಜಾರ್ಜ್ ಶಲ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ನಮ್ಮ ಗುರುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಬೇರೊಬ್ಬರ ಬಗ್ಗೆ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಆ ವ್ಯಕ್ತಿ ನಮ್ಮೂರಿಗೆ ಬಂದವರಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ಶಾಲೆಯ ಕಾಂಪೌಂಡಿನ ಬಳಿ ನಿಂತು ಯಾವ ಕಡೆ ನೋಡಿದರೂ ಅವರ ಕೆಲಸ ಕಣ್ಣಿಗೆ ಬೀಳುತ್ತದೆ. ಎದೆಯೆತ್ತರ ಬೆಳೆದು ನಿಂತ, ಒಂದೇ ಎತ್ತರದ, ಒಂದೇ ದಿನ ಸೂಲಂಗಿ ಹೊರಡಿಸುವ ಗೋವಿನಜೋಳದ ಹೊಲಗಳೇ ಆ ಕೆಲಸ. ಅವರ ಹೆಸರು ಜಾರ್ಜ್ ಹ್ಯಾರಿಸನ್ ಶಲ್. ಅಮೆರಿಕದ ಸಸ್ಯವಿಜ್ಞಾನಿ. ಅವರು ತೀರಿಕೊಂಡು 70 ವರ್ಷ ದಾಟಿತು.

ಅವರ ಜೀವನ ನನಗೆ ಮುಖ್ಯವಾದದ್ದು ನಮ್ಮ ಮನೆಯ ಒಂದು ವರ್ಷದ ಬೆಳೆಯಿಂದ. ಮೊದಲು ಅದನ್ನು ಹೇಳುತ್ತೇನೆ.

1990ರ ದಶಕದ ಆರಂಭ. ನಾನು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಬೀಜ ಆರಿಸುವುದರಲ್ಲಿ ನಮ್ಮಪ್ಪನ ಕಣ್ಣು ದೊಡ್ಡದು ಎಂದು ಊರಲ್ಲಿ ಹೆಸರಿತ್ತು. ಸುಗ್ಗಿಯ ಕಾಲಕ್ಕೆ ಬಿಳಿಜೋಳದ ಹೊಲದಲ್ಲಿ ನಡೆದು, ತುಂಬಿದ ತೆನೆಗಳನ್ನು ಗುರುತಿಟ್ಟು, ಬೇರೆ ಕೊಯ್ದು, ಬೂದಿ ಬೆರೆಸಿ ಗಡಿಗೆಯಲ್ಲಿ ತುಂಬಿಡುತ್ತಿದ್ದರು. ನಾಲ್ಕಾರು ಮನೆಯವರು ನಮ್ಮಲ್ಲಿಂದಲೇ ಬೀಜ ಒಯ್ಯುತ್ತಿದ್ದರು. ಆ ವರ್ಷಗಳಲ್ಲಿ ಹೈಬ್ರಿಡ್ ಗೋವಿನಜೋಳ ನಮ್ಮ ಭಾಗಕ್ಕೆ ಬರುತ್ತಿತ್ತು. ಅಪ್ಪ ಒಂದು ಚೀಲ ತಂದು ಬಿತ್ತಿದರು. ಬೆಳೆ ಚೆನ್ನಾಗಿ ಬಂತು. ಅಭ್ಯಾಸದಂತೆ ಹೊಲವೆಲ್ಲ ತಿರುಗಿ ಅತ್ಯುತ್ತಮ ತೆನೆಗಳನ್ನು ಆರಿಸಿ ಪಡಸಾಲೆಯ ತೊಲೆಗೆ ಜೋಡಿಸಿ ಕಟ್ಟಿದರು. ಮುಂದಿನ ಮುಂಗಾರಿಗೆ ಆ ಬೀಜವನ್ನೇ ಬಿತ್ತಿದರು.

ಹೊಲ ಎದ್ದದ್ದು ನೋಡಿದರೆ ನಗೆಪಾಟಲು. ಒಂದು ಗಿಡ ತಲೆಯೆತ್ತರ, ಪಕ್ಕದ್ದು ಸೊಂಟದ ಮಟ್ಟ. ಒಂದು ಬೇಗ ಹೂಬಿಟ್ಟಿತು, ಇನ್ನೊಂದು ತಡವಾಗಿ. ಕೆಲವು ತೆನೆ ತುಂಬಿದ್ದವು, ಕೆಲವು ಅರ್ಧ ಬೋಳು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಚೀಲಗಳು ಬಹಳ ಕಡಿಮೆಯಾದವು. ಗೊಬ್ಬರದ ಸಾಲ ತೀರಲಿಲ್ಲ. ನಾನು ಶಾಲೆ ಬಿಟ್ಟು ದುಡಿಮೆಗೆ ಹೋಗಬೇಕೆಂಬ ಮಾತೂ ಮನೆಯಲ್ಲಿ ಬಂತು. ಬೀಜ ಕೊಟ್ಟ ಅಂಗಡಿಯವರ ಬಳಿ ಅಪ್ಪ ಜಗಳಕ್ಕೆ ಹೋದರು. ಅವರು ಪ್ರತಿ ವರ್ಷ ಹೊಸ ಬೀಜವನ್ನೇ ಕೊಳ್ಳಬೇಕೆಂದರೇ ಹೊರತು ಕಾರಣ ಹೇಳಲಿಲ್ಲ. ಬೀಜದಲ್ಲಿ ಏನೋ ಮೋಸ ಇದೆ ಎಂದು ಊರವರು ನಂಬಿದರು. ಅಪ್ಪನಿಗೆ ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ತನ್ನ ಕಣ್ಣೇ ಸೋತಿತು ಎಂಬ ಸಂಗತಿ. ಮುಂದೆ ಅವರು ಯಾರಿಗೂ ಬೀಜ ಆರಿಸಿಕೊಡಲಿಲ್ಲ.

ಅದೇ ವರ್ಷ ನಮ್ಮ ವಿಜ್ಞಾನದ ಮೇಷ್ಟ್ರು ತರಗತಿಗೆ ಒಂದು ಬುಟ್ಟಿ ಗೋವಿನಜೋಳದ ತೆನೆ ತರಿಸಿ, ಪ್ರತಿಯೊಬ್ಬರಿಗೂ ಒಂದು ಕೊಟ್ಟು, ಸುತ್ತ ಎಷ್ಟು ಸಾಲು ಕಾಳಿವೆ ಎಣಿಸಲು ಹೇಳಿದರು. 12, 14, 16 ಎಂದು ಕೂಗಿದೆವು. ಒಬ್ಬನಿಗೂ ಬೆಸಸಂಖ್ಯೆ ಬರಲಿಲ್ಲ. ಈ ಗಿಡದ ಹೂಗಳು ಜೋಡಿ ಜೋಡಿಯಾಗಿ ಹುಟ್ಟುವುದರಿಂದ ಸಾಲುಗಳು ಯಾವಾಗಲೂ ಸಮಸಂಖ್ಯೆ ಎಂದು ಮೇಷ್ಟ್ರು ವಿವರಿಸಿದರು. ನಮ್ಮಪ್ಪನ ಪ್ರಶ್ನೆಗೆ ಉತ್ತರ ಹೊರಟದ್ದೂ ಇಂಥದ್ದೇ ಎಣಿಕೆಯಿಂದ ಎಂದು ನನಗೆ ತಿಳಿದದ್ದು ಮುಂದೆ ಧಾರವಾಡದಲ್ಲಿ ಕೃಷಿ ಓದುವಾಗ. ಶಲ್ ಅವರ ಹೆಸರು ಕೇಳಿದ್ದೂ ಅಲ್ಲಿಯೇ.

ಜಾರ್ಜ್ ಶಲ್ ಹುಟ್ಟಿದ್ದು 1874ರ ಏಪ್ರಿಲ್ 15ರಂದು, ಅಮೆರಿಕದ ಒಹಾಯೊ ರಾಜ್ಯದ ಒಂದು ಹೊಲಮನೆಯಲ್ಲಿ. ತಂದೆ ರೈತರು, ಜೊತೆಗೆ ತಮ್ಮ ಪಂಥದ ಧರ್ಮಬೋಧಕರು. ಮನೆಯಲ್ಲಿ ಮಕ್ಕಳು ಹೆಚ್ಚು, ಹಣ ಕಡಿಮೆ. ಹೊಲದ ಕೆಲಸ ಇದ್ದಾಗ ಶಾಲೆ ಇಲ್ಲ. ನಮ್ಮ ತಲೆಮಾರಿನ ಬಹಳ ಜನರ ಹಾಗೆ ಜಾರ್ಜ್ ಕೂಡ ಬಿಟ್ಟು ಬಿಟ್ಟು ಶಾಲೆಗೆ ಹೋದ ಹುಡುಗ. ಉಳಿದದ್ದನ್ನು ಮನೆಯಲ್ಲಿ ತಾವೇ ಓದಿಕೊಂಡರು. ಊರ ಶಾಲೆಗಳಲ್ಲಿ ಪಾಠವನ್ನೂ ಹೇಳಿದರು. ಅವರ ಅಣ್ಣತಮ್ಮಂದಿರಲ್ಲಿ ಚಾರ್ಲ್ಸ್ ಸಸ್ಯಶಾಸ್ತ್ರಜ್ಞರಾದರು, ಆರನ್ ಪ್ರಾಣಿಶಾಸ್ತ್ರಜ್ಞರಾದರು, ಜೇಮ್ಸ್ ಗಿಡಹೂಗಳ ಚಿತ್ರ ಬರೆಯುವ ಕಲಾವಿದರಾದರು.

ಜಾರ್ಜ್ ಆಂಟಿಯಾಕ್ ಕಾಲೇಜಿನಿಂದ ಪದವಿ ಪಡೆದದ್ದು 1901ರಲ್ಲಿ, ಆಗ ಅವರಿಗೆ 27 ವರ್ಷ. ಮೂರು ವರ್ಷಕ್ಕೆ, 1904ರಲ್ಲಿ, ಶಿಕಾಗೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ತಡವಾಗಿ ಆರಂಭಿಸಿದವರೂ ದೂರ ಹೋಗಬಹುದು ಎಂಬುದಕ್ಕೆ ನಮ್ಮ ಶಾಲೆಯ ಮಕ್ಕಳಿಗೆ ಇದೊಂದು ಉದಾಹರಣೆ.

ಆ ಕಾಲವೂ ಅವರಿಗೆ ಒದಗಿಬಂತು. ಬಟಾಣಿ ಗಿಡಗಳ ಮೇಲೆ ಮೆಂಡಲ್ ಮಾಡಿದ ಪ್ರಯೋಗ ಮೂವತ್ತಕ್ಕೂ ಹೆಚ್ಚು ವರ್ಷ ಮೂಲೆಗೆ ಬಿದ್ದು, 1900ರಲ್ಲಿ ಮತ್ತೆ ಬೆಳಕಿಗೆ ಬಂದಿತ್ತು. 1904ರಲ್ಲಿ ಕಾರ್ನೆಗಿ ಸಂಸ್ಥೆಯವರು ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆದರು. ಶಲ್ ಅಲ್ಲಿ ಸೇರಿದರು. ಬಂದುಹೋಗುವವರಿಗೆ ಮೆಂಡಲ್ ನಿಯಮವನ್ನು ಕಣ್ಣಾರೆ ತೋರಿಸಲು ಗೋವಿನಜೋಳ ಬೆಳೆಸಿದರು. ತೆನೆಯ ಸಾಲಿನ ಸಂಖ್ಯೆ ಸಂತಾನಕ್ಕೆ ಹೇಗೆ ಹೋಗುತ್ತದೆ ಎಂದು ಎಣಿಸಲು ತೊಡಗಿದರು. ಇಳುವರಿ ಹೆಚ್ಚಿಸಬೇಕೆಂಬ ಉದ್ದೇಶ ಆಗ ಅವರಿಗಿರಲಿಲ್ಲ.

ಗೋವಿನಜೋಳದ ಸ್ವಭಾವ ರೈತರಿಗೆಲ್ಲ ಗೊತ್ತು. ತುದಿಯ ಸೂಲಂಗಿ ಗಂಡು. ನಡುವಿನ ತೆನೆ ಹೆಣ್ಣು. ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿಗೆ ಹೋಗುತ್ತದೆ. ಗಾಳಿಗೆ ಪರಾಗ ಹಾರಿ ನೆರೆಹೊರೆಯ ಗಿಡಗಳಿಂದ ಬರುತ್ತದೆ. ಹೀಗಾಗಿ ಒಂದೇ ತೆನೆಯ ಕಾಳುಗಳಿಗೆ ತಾಯಿ ಒಬ್ಬಳೇ ಆದರೂ ತಂದೆಯರು ಬಹಳ. ಶಲ್ ತೆನೆಗೂ ಸೂಲಂಗಿಗೂ ಕಾಗದದ ಚೀಲ ಕಟ್ಟಿ, ಅದೇ ಗಿಡದ ಪರಾಗವನ್ನು ಅದೇ ಗಿಡದ ಕೂದಲಿಗೆ ಹಾಕಿದರು. ಮುಂದಿನ ವರ್ಷ ಆ ಮಕ್ಕಳಿಗೂ ಹಾಗೆಯೇ ಮಾಡಿದರು. ವರ್ಷದಿಂದ ವರ್ಷಕ್ಕೆ ಗಿಡಗಳು ಕುಗ್ಗಿದವು, ತೆನೆ ಚಿಕ್ಕದಾಯಿತು, ಕಾಳು ಕಡಿಮೆಯಾಯಿತು.

ಸ್ವಂತ ಪರಾಗದಿಂದ ಗಿಡ ಸೊರಗುತ್ತದೆ ಎಂಬುದು ಹೊಸ ಸಂಗತಿಯಲ್ಲ. ಡಾರ್ವಿನ್ 1876ರಲ್ಲೇ ಅದನ್ನು ಬರೆದಿದ್ದರು. ಶಲ್ ಗಮನಿಸಿದ್ದು ಅದರ ಮುಂದಿನ ಹೆಜ್ಜೆ. ಸೊರಗಿದ ಪ್ರತಿ ಮನೆತನದ ಒಳಗೆ ಗಿಡಗಳೆಲ್ಲ ಒಂದೇ ಅಚ್ಚಿನಂತೆ ಆಗುತ್ತಿದ್ದವು. ಆದರೆ ಒಂದು ಮನೆತನಕ್ಕೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ. ಒಂದರ ತೆನೆಗೆ ಸಾಲು ಕಡಿಮೆ, ಇನ್ನೊಂದರದಕ್ಕೆ ಹೆಚ್ಚು. ಒಂದರ ಕಾಂಡ ಹೀಗೆ, ಇನ್ನೊಂದರದು ಹಾಗೆ. ಅಂದರೆ ಹೊರಗೆ ಒಂದೇ ತಳಿಯಂತೆ ಕಾಣುವ ಜೋಳದ ಹೊಲ ನಿಜದಲ್ಲಿ ನೂರಾರು ಬೇರೆ ಬೇರೆ ಸಂಕರಗಳ ಜಾತ್ರೆ. ಆ ಜಾತ್ರೆಯಲ್ಲಿ ಅಡಗಿದ್ದ ಭೇದಗಳು ಚೀಲ ಕಟ್ಟಿದ ಮೇಲೆ ಒಂದೊಂದಾಗಿ ಹೊರಬಿದ್ದವು.

ಆಮೇಲೆ ಶಲ್ ಸೊರಗಿದ ಎರಡು ಬೇರೆ ಮನೆತನಗಳನ್ನು ಕೂಡಿಸಿದರು. ಮೊದಲ ಪೀಳಿಗೆಯಲ್ಲೇ ಕಸುವು ತಿರುಗಿ ಬಂತು. ಗಿಡಗಳು ಎತ್ತರವಾದವು, ಎಲ್ಲವೂ ಒಂದೇ ಸಮನಾಗಿ ನಿಂತವು. ಕೆಲವು ಜೋಡಿಗಳು ಮೂಲದ ಹೊಲಕ್ಕಿಂತಲೂ ಹೆಚ್ಚು ಕಾಳು ಕೊಟ್ಟವು. 1908ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ತಳಿಗಾರರ ಸಭೆಯಲ್ಲಿ ಇದನ್ನು ಮಂಡಿಸಿದರು. ಒಳ್ಳೆಯ ಒಂಟಿ ಗಿಡವನ್ನು ಹುಡುಕುವುದಕ್ಕಿಂತ ಒಳ್ಳೆಯ ಜೋಡಿಯನ್ನು ಹುಡುಕಿ, ಆ ಜೋಡಿಯ ಬೀಜವನ್ನು ವರ್ಷವರ್ಷವೂ ಹೊಸದಾಗಿ ಮಾಡಬೇಕು ಎಂಬುದು ಅವರ ಮಾತಿನ ಸಾರ. 1909ರಲ್ಲಿ ಅದರ ವಿಧಾನವನ್ನೇ ಬರೆದುಕೊಟ್ಟರು. ಅದೇ ಕಾಲದಲ್ಲಿ ಕನೆಕ್ಟಿಕಟ್‌ನಲ್ಲಿ ಎಡ್ವರ್ಡ್ ಈಸ್ಟ್ ಎಂಬುವರೂ ಇಂಥದ್ದೇ ಪ್ರಯೋಗ ಮಾಡುತ್ತಿದ್ದರು ಎಂಬುದನ್ನೂ ಹೇಳಬೇಕು.

ಅಮೆರಿಕದ ರೈತರು ಆಗ ಏನು ಮಾಡುತ್ತಿದ್ದರು ಎಂದು ಓದಿದಾಗ ನನಗೆ ಅಪ್ಪನ ನೆನಪಾಯಿತು. ಅಲ್ಲಿ ಊರೂರಿಗೆ ತೆನೆಯ ಪ್ರದರ್ಶನಗಳು ನಡೆಯುತ್ತಿದ್ದವು. ಉದ್ದ, ದಪ್ಪ, ಸಾಲುಗಳ ಅಂದ ನೋಡಿ ಬಹುಮಾನ ಕೊಡುತ್ತಿದ್ದರು. ಗೆದ್ದ ತೆನೆಯನ್ನು ಬೀಜಕ್ಕೆ ಇಡುತ್ತಿದ್ದರು. ಇಷ್ಟೆಲ್ಲ ಆರಿಸಿದರೂ 1860ರ ದಶಕದಿಂದ 1930ರ ದಶಕದವರೆಗೆ ಆ ದೇಶದ ಸರಾಸರಿ ಇಳುವರಿ ಎಕರೆಗೆ ಆರೇಳು ಕ್ವಿಂಟಲ್ ಸುತ್ತಮುತ್ತಲೇ ಇತ್ತು.

ಹಾಗಾದರೆ ಆರಿಸುವುದೇ ವ್ಯರ್ಥವೇ? ಅಲ್ಲ. 1896ರಲ್ಲಿ ಇಲಿನಾಯ್ ರಾಜ್ಯದಲ್ಲಿ ಸಿರಿಲ್ ಹಾಪ್ಕಿನ್ಸ್ ಎಂಬುವರು ಕಾಳಿನಲ್ಲಿ ಎಣ್ಣೆ ಹೆಚ್ಚಿರುವ ತೆನೆಗಳನ್ನು ಆರಿಸಿ ಬಿತ್ತಲು ಆರಂಭಿಸಿದರು. ಶೇ 5ಕ್ಕಿಂತ ಕಡಿಮೆ ಇದ್ದ ಎಣ್ಣೆ, ನೂರು ಪೀಳಿಗೆ ಕಳೆಯುವ ಹೊತ್ತಿಗೆ ಶೇ 20 ದಾಟಿತು. ಇಲ್ಲಿ ಆಯ್ಕೆ ಫಲಿಸಿತು. ಇಳುವರಿಯಲ್ಲಿ ಏಕೆ ಫಲಿಸಲಿಲ್ಲ? ಶಲ್ ಅವರ ಕೆಲಸದ ತಿರುಳು ಇರುವುದೇ ಈ ಪ್ರಶ್ನೆಯಲ್ಲಿ.

ವಂಶವಾಹಿಗಳು ಎರಡು ರೀತಿಯಲ್ಲಿ ಕೆಲಸ ಮಾಡುತ್ತವೆ ಎಂದು ಸರಳವಾಗಿ ಹೇಳಬಹುದು. ಮೊದಲನೆಯದು ಕೂಡಿಕೆ. ತಕ್ಕಡಿಗೆ ಒಂದೊಂದೇ ಬೊಗಸೆ ಕಾಳು ಹಾಕಿದಂತೆ, ಪ್ರತಿ ಒಳ್ಳೆಯ ವಂಶವಾಹಿಯೂ ತನ್ನ ಪಾಲಿನ ತೂಕವನ್ನು ಸೇರಿಸುತ್ತದೆ. ಅದು ಯಾರ ಜೊತೆ ಇದ್ದರೂ ಅದರ ಬೆಲೆ ಅಷ್ಟೇ. ಇಂಥ ಗುಣ ತಾಯಿತಂದೆಯಲ್ಲಿ ಕಂಡರೆ ಮಕ್ಕಳಲ್ಲೂ ಕಾಣುತ್ತದೆ. ಎಣ್ಣೆಯಂಥ ಗುಣದಲ್ಲಿ ಇದರ ಪಾಲು ದೊಡ್ಡದು. ಎರಡನೆಯದು ಜೊತೆಗಾರಿಕೆ. ಇಲ್ಲಿ ಒಂದು ವಂಶವಾಹಿಯ ಬೆಲೆ ಅದರ ಜೊತೆಗಾರನನ್ನು ಅವಲಂಬಿಸಿದೆ. ಪ್ರಬಲವಾದದ್ದು ಪಕ್ಕದಲ್ಲಿದ್ದರೆ ದುರ್ಬಲವಾದದ್ದರ ದೋಷ ಮುಚ್ಚಿಹೋಗುತ್ತದೆ. ಗಿಡ ಚೆನ್ನಾಗಿ ಕಾಣುತ್ತದೆ, ದೋಷ ಮಾತ್ರ ಒಳಗೆ ಹಾಗೆಯೇ ಉಳಿದಿರುತ್ತದೆ. ಪರಾಗ ಅಥವಾ ಅಂಡ ಹುಟ್ಟುವಾಗ ಜೋಡಿ ಒಡೆಯುತ್ತದೆ, ಮಗುವಿಗೆ ಹೋಗುವುದು ಜೋಡಿಯಲ್ಲಿ ಒಂದು ಮಾತ್ರ. ಜೊತೆಯಿಂದ ಬಂದ ಚೆಂದ ಜೊತೆಗೇ ಮುಗಿಯುತ್ತದೆ. ಇಳುವರಿಯಲ್ಲಿ ಈ ಎರಡನೆಯದರ ಪಾಲೂ ದೊಡ್ಡದು. ಆದ್ದರಿಂದ ಹೊಲದಲ್ಲಿ ಕಾಣುವ ಭೇದವೆಲ್ಲ ಬೀಜದಲ್ಲಿ ಬರುವ ಭೇದವಲ್ಲ. 1918ರಲ್ಲಿ ಇಂಗ್ಲೆಂಡಿನ ಗಣಿತಜ್ಞ ರೊನಾಲ್ಡ್ ಫಿಷರ್ ಈ ಎರಡು ಪಾಲುಗಳನ್ನು ಲೆಕ್ಕದಲ್ಲಿ ಬೇರ್ಪಡಿಸುವ ದಾರಿ ತೋರಿಸಿದರು. ಇಂದಿಗೂ ದನ, ಕೋಳಿ, ಬೆಳೆ ಯಾವುದರ ತಳಿ ಸುಧಾರಣೆಯೇ ಇರಲಿ, ಮೊದಲು ಕೇಳುವ ಪ್ರಶ್ನೆ ಇದೇ: ಕಂಡ ಗುಣದಲ್ಲಿ ಸಂತಾನಕ್ಕೆ ಹೋಗುವ ಪಾಲು ಎಷ್ಟು?

ಕಣ್ಣಿಗೆ ಕಾಣದ ಭೇದದ ಇನ್ನೊಂದು ಉದಾಹರಣೆಯನ್ನು ಶಲ್ ಅವರೇ ಒಂದು ಕಳೆಗಿಡದಲ್ಲಿ ತೋರಿಸಿದರು. ಸಾಸಿವೆಯ ಬಳಗಕ್ಕೆ ಸೇರಿದ ಆ ಚಿಕ್ಕ ಗಿಡದ ಕಾಯಿ ಸಾಮಾನ್ಯವಾಗಿ ತ್ರಿಕೋನಾಕಾರ, ಅಪರೂಪಕ್ಕೆ ಗುಂಡಗೆ. ಎರಡನ್ನೂ ಕೂಡಿಸಿ ಎರಡನೇ ಪೀಳಿಗೆ ಬೆಳೆಸಿದಾಗ 16ರಲ್ಲಿ 15 ತ್ರಿಕೋನ, 1 ಗುಂಡು ಎಂಬ ಪ್ರಮಾಣ ಬಂತು. ಅದೇ ಕೆಲಸ ಮಾಡುವ ಎರಡು ವಂಶವಾಹಿಗಳಿವೆ, ಯಾವುದಾದರೂ ಒಂದು ಇದ್ದರೂ ಕಾಯಿ ತ್ರಿಕೋನವಾಗುತ್ತದೆ, ಎರಡೂ ಇಲ್ಲದಿದ್ದರೆ ಮಾತ್ರ ಗುಂಡಗಾಗುತ್ತದೆ ಎಂದು 1914ರಲ್ಲಿ ಅವರು ವಿವರಿಸಿದರು. ಸ್ವಲ್ಪ ಲೆಕ್ಕ ಹಾಕಿ ನೋಡಿ. ಆ 15 ಗಿಡಗಳೂ ಕಣ್ಣಿಗೆ ಒಂದೇ. ಆದರೆ ಸ್ವಂತ ಪರಾಗದಿಂದ ಬೀಜ ಕಟ್ಟಿದರೆ 7 ಗಿಡಗಳ ಸಂತಾನದಲ್ಲಿ ಮಾತ್ರ ಎಲ್ಲವೂ ತ್ರಿಕೋನ. ಉಳಿದ 8ರ ಸಂತಾನದಲ್ಲಿ ಗುಂಡು ಕಾಯಿ ಮತ್ತೆ ತಲೆ ಹಾಕುತ್ತದೆ. ಎಂಥ ಜಾಣ ರೈತನ ಕಣ್ಣಿಗೂ ಆ 7 ಯಾವುದು, 8 ಯಾವುದು ಎಂದು ಗೊತ್ತಾಗದು. ಮಕ್ಕಳನ್ನು ಬೆಳೆಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಅದೇ 1914ರಲ್ಲಿ, ಜರ್ಮನಿಯ ಗಟಿಂಗನ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ, ಸಂಕರದಿಂದ ಬರುವ ಕಸುವಿಗೆ ಹೆಟರೋಸಿಸ್ ಎಂಬ ಹೆಸರು ಸೂಚಿಸಿದರು. ನಾವು ಅದನ್ನು ಸಂಕರ ಹುರುಪು ಎನ್ನುತ್ತೇವೆ. 1915ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋಗಿ 1942ರವರೆಗೆ ಅಲ್ಲಿಯೇ ಕಲಿಸಿದರು. 1916ರಲ್ಲಿ ಆರಂಭವಾದ ಜೆನೆಟಿಕ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಆಮೇಲಿನ ಅವರ ಸಂಶೋಧನೆಯಲ್ಲಿ ಹೆಚ್ಚಿನ ಭಾಗ ಈನೊಥೆರ ಎಂಬ ಹೂಗಿಡದ ಮೇಲೆ. ಜೋಳವನ್ನು ಅವರು ಇತರರ ಕೈಗೆ ಬಿಟ್ಟರು.

ಬಿಡಲು ಕಾರಣವೂ ಇತ್ತು. ಅವರ ವಿಧಾನ ಸರಿಯಿದ್ದರೂ ಬೀಜ ದುಬಾರಿ. ಹೈಬ್ರಿಡ್ ಬೀಜ ಹುಟ್ಟಬೇಕಾದದ್ದು ಸೊರಗಿದ ತಾಯಿಗಿಡದ ಸಣ್ಣ ತೆನೆಯಲ್ಲಿ. ಅಷ್ಟು ಕಡಿಮೆ ಬೀಜದಿಂದ ಯಾವ ರೈತನ ಹೊಲ ತುಂಬೀತು? ಈಸ್ಟ್ ಅವರ ಶಿಷ್ಯ ಡೊನಾಲ್ಡ್ ಜೋನ್ಸ್ ಇದಕ್ಕೆ ದಾರಿ ಹುಡುಕಿದರು. ನಾಲ್ಕು ಮನೆತನ ತೆಗೆದುಕೊಂಡು, ಎರಡೆರಡನ್ನು ಮೊದಲು ಕೂಡಿಸಿ, ಹಾಗೆ ಬಂದ ಎರಡು ಹುರುಪಿನ ಸಂಕರಗಳನ್ನು ಮತ್ತೆ ಕೂಡಿಸಿದರು. ಈಗ ರೈತನಿಗೆ ಮಾರುವ ಬೀಜ ದೊಡ್ಡ ತೆನೆಯಲ್ಲಿ ಹುಟ್ಟಿತು, ಅಗ್ಗವಾಯಿತು. 1918ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆದರೂ 1930ರ ದಶಕದ ಆರಂಭದಲ್ಲಿ ಅಮೆರಿಕದ ಜೋಳದ ಹೊಲಗಳಲ್ಲಿ ಹೈಬ್ರಿಡ್ ಇದ್ದದ್ದು ಶೇ 1ಕ್ಕಿಂತ ಕಡಿಮೆ. 1940ರ ದಶಕದ ಮಧ್ಯಕ್ಕೆ ಅರ್ಧವನ್ನು ದಾಟಿತು. 1908ರ ಮಾತು ಹೊಲಕ್ಕೆ ಇಳಿಯಲು ಮೂವತ್ತು ವರ್ಷ ಹಿಡಿಯಿತು.

ಶಲ್ ಹೇಳಿದ್ದೆಲ್ಲ ನಿಂತಿದೆ ಎಂದಲ್ಲ. ಬೇರೆಯಾದ ಎರಡು ಕೂಡುವುದೇ ಹುರುಪಿನ ಮೂಲ ಎಂದು ಅವರು ನಂಬಿದ್ದರು. ಒಂದು ಮನೆತನದ ದೋಷಗಳನ್ನು ಇನ್ನೊಂದರ ಪ್ರಬಲ ವಂಶವಾಹಿಗಳು ಮುಚ್ಚುವುದೇ ದೊಡ್ಡ ಕಾರಣ ಎಂದು ಜೋನ್ಸ್ ವಾದಿಸಿದರು. ಮುಂದಿನ ಸಂಶೋಧನೆ ಹೆಚ್ಚಾಗಿ ಜೋನ್ಸ್ ಕಡೆಗೆ ವಾಲಿತು. ಆದರೂ ಜೋಡಿಯಲ್ಲಿ ಗುಣ ಹುಡುಕಬೇಕು ಎಂಬ ಶಲ್ ಅವರ ದಾರಿ ಬದಲಾಗಲಿಲ್ಲ. ಅವರು ಬೀಜದ ವ್ಯಾಪಾರಿಯಾಗಲಿಲ್ಲ, ಕೊನೆಯವರೆಗೂ ಮೇಷ್ಟ್ರಾಗಿ, ಸಂಶೋಧಕರಾಗಿ ಉಳಿದರು. 1954ರ ಸೆಪ್ಟೆಂಬರ್ 28ರಂದು, 80ನೇ ವಯಸ್ಸಿನಲ್ಲಿ, ಪ್ರಿನ್ಸ್‌ಟನ್‌ನಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ, 1957ರಲ್ಲಿ, ಭಾರತದಲ್ಲಿ ಅಖಿಲ ಭಾರತ ಮಟ್ಟದ ಮೆಕ್ಕೆಜೋಳ ಯೋಜನೆ ಆರಂಭವಾಯಿತು. 1961ರಲ್ಲಿ ಗಂಗಾ, ರಣಜಿತ್, ಡೆಕ್ಕನ್ ಎಂಬ ಹೆಸರಿನ ಹೈಬ್ರಿಡ್‌ಗಳು ಹೊರಬಂದವು. ಅದೇ ದಾರಿ ಮುಂದೆ ಹಾವೇರಿ, ದಾವಣಗೆರೆ ಸೀಮೆಯ ನಮ್ಮ ಹೊಲಗಳಿಗೂ ತಲುಪಿತು.

ಧಾರವಾಡದಿಂದ ಒಮ್ಮೆ ರಜೆಗೆ ಬಂದಾಗ ಅಪ್ಪನ ಮುಂದೆ ಕುಳಿತು ಇದನ್ನೆಲ್ಲ ಹೇಳಿದೆ. ಲೆಕ್ಕವನ್ನು ಹೀಗೆ ಹಾಕಿ ತೋರಿಸಿದೆ. ತಿಳಿಯಲು ಅನುಕೂಲವಾಗಲೆಂದು, ಎರಡು ಸೊರಗಿದ ಮನೆತನಗಳು ಎಕರೆಗೆ 10 ಕ್ವಿಂಟಲ್ ಕೊಡುತ್ತವೆ, ಅವುಗಳ ಸಂಕರ 30 ಕೊಡುತ್ತದೆ ಎಂದುಕೊಳ್ಳಿ. ಜೋಡಿಯಿಂದ ಬಂದ ಹೆಚ್ಚಳ 20. ಆ ಸಂಕರದ ಕಾಳನ್ನೇ ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಬೇರೆ ಬೇರೆಯಾಗಿದ್ದ ಜೋಡಿಗಳಲ್ಲಿ ಅರ್ಧದಷ್ಟು ಒಡೆದು ಒಂದೇ ಬಗೆಯವಾಗುತ್ತವೆ. ಹೆಚ್ಚಳವೂ ಅರ್ಧಕ್ಕೆ ಇಳಿಯುತ್ತದೆ. 30 ಇದ್ದದ್ದು 20 ಆಗುತ್ತದೆ. ಒಂದೊಂದು ಗಿಡದಲ್ಲಿ ಒಂದೊಂದು ರೀತಿ ಒಡೆಯುವುದರಿಂದ ಹೊಲ ಏರುಪೇರಾಗುತ್ತದೆ. ಹೈಬ್ರಿಡ್ ಹೊಲದ ಗಿಡಗಳೆಲ್ಲ ಒಳಗೆ ಬಹುಮಟ್ಟಿಗೆ ಒಂದೇ ಆಗಿದ್ದರೆ, ಅದರಲ್ಲಿ ದೊಡ್ಡ ತೆನೆ ಆರಿಸಿದರೂ ಆರಿಸಿದಂತಾಗುವುದಿಲ್ಲ. ಆ ತೆನೆ ದೊಡ್ಡದಾದದ್ದು ಅಲ್ಲಿ ಬಿದ್ದ ಗೊಬ್ಬರದಿಂದಲೋ ನೀರಿನಿಂದಲೋ ಇರಬಹುದು. ಬಿಳಿಜೋಳದಲ್ಲಿ ಅಪ್ಪನ ಕಣ್ಣು ಫಲ ಕೊಟ್ಟಿತ್ತು, ಏಕೆಂದರೆ ಅದು ಬಹುಪಾಲು ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಅಲ್ಲಿ ಕಂಡದ್ದು ಬಹಳಷ್ಟು ಮಕ್ಕಳಿಗೂ ಬರುತ್ತದೆ. ಕಣ್ಣು ಸೋತಿರಲಿಲ್ಲ. ಅದರ ಮುಂದಿಟ್ಟ ಬೆಳೆ ಬೇರೆಯಾಗಿತ್ತು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಜೋಡೆತ್ತಿನ ಮಾತು ತೆಗೆದರು. ಹೊಂದಿಕೊಂಡ ಜೋಡಿಯ ಹೊರೆ ಎಳೆಯುವ ಶಕ್ತಿ ನೋಡಿ, ಅದರಲ್ಲಿ ಒಂದನ್ನೇ ಕೊಂಡು ತಂದರೆ ಮನೆಯ ಎತ್ತಿನ ಜೊತೆ ಅದು ಹಾಗೆಯೇ ಎಳೆಯುವುದಿಲ್ಲ, ಇದೂ ಅಂಥದ್ದೇ ತಾನೇ ಎಂದು ಕೇಳಿದರು. ಹೌದು ಎಂದೆ. ನಾನು ಪುಸ್ತಕದಲ್ಲಿ ಒಂದು ವರ್ಷ ಓದಿದ್ದನ್ನು ಅವರು ಒಂದು ಮಾತಿನಲ್ಲಿ ಹಿಡಿದರು. ಆ ವರ್ಷ ರಾಗಿಯ ಬೀಜವನ್ನು ಅವರೇ ಮತ್ತೆ ಆರಿಸಿದರು.

ಅವರು ಇನ್ನೂ ಒಂದು ಪ್ರಶ್ನೆ ಕೇಳಿದರು. ಹಾಗಾದರೆ ರೈತ ವರ್ಷವರ್ಷವೂ ಅಂಗಡಿಯ ಮೆಟ್ಟಿಲು ಹತ್ತಲೇಬೇಕೇ? ಇದಕ್ಕೆ ಪೂರ್ತಿ ಸಮಾಧಾನದ ಉತ್ತರ ನನ್ನಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಎರಡನೇ ವರ್ಷ ಬೆಳೆ ಕುಸಿಯುವುದು ಪ್ರಕೃತಿಯ ನಿಯಮ, ಯಾರೂ ಬೀಜದಲ್ಲಿ ಇಟ್ಟ ಮೋಸವಲ್ಲ. ಆದರೆ ಆ ನಿಯಮ ಬೀಜ ಮಾರುವವರಿಗೆ ಬೀಗದ ಕೈಯಾಗಿ ಒದಗಿದ್ದೂ ನಿಜ. ಕಾರಣ ತಿಳಿದ ರೈತ ಕನಿಷ್ಠ ಲೆಕ್ಕ ಹಾಕಬಲ್ಲ. ಹೈಬ್ರಿಡ್ ಬಿತ್ತಿದರೆ ಹೊಸ ಬೀಜದ ಖರ್ಚನ್ನು ಮೊದಲೇ ಹಿಡಿಯಬೇಕು. ಮನೆಯ ಬೀಜವೇ ಬೇಕೆಂದರೆ ಸಂಯುಕ್ತ ತಳಿಗಳಿವೆ, ಇಳುವರಿ ಸ್ವಲ್ಪ ಕಡಿಮೆಯಾದರೂ ಕೆಲವು ವರ್ಷ ಬೀಜ ಇಟ್ಟುಕೊಳ್ಳಬಹುದು. ರಾಗಿ, ಗೋಧಿ, ಭತ್ತದ ಸಾಮಾನ್ಯ ತಳಿಗಳಲ್ಲಿ ಆರಿಸಿಟ್ಟ ಬೀಜ ಇಂದಿಗೂ ಕೈಬಿಡುವುದಿಲ್ಲ. ಅಂದು ಅಂಗಡಿಯಲ್ಲಿ ಯಾರಾದರೂ ಇಷ್ಟು ಹೇಳಿದ್ದರೆ ನಮ್ಮ ಮನೆಯ ಒಂದು ವರ್ಷ ಉಳಿಯುತ್ತಿತ್ತು.

ಆ ಕೆಟ್ಟ ವರ್ಷದಲ್ಲೂ ಅಪ್ಪ ನನ್ನನ್ನು ಶಾಲೆ ಬಿಡಿಸಲಿಲ್ಲ. ಹೀಗಾಗಿ ಹೊಲದ ಪ್ರಶ್ನೆಗೆ ಉತ್ತರ ಶಾಲೆಯ ದಾರಿಯಿಂದ ಮನೆಗೆ ಬಂತು. ಐವತ್ತು ವರ್ಷ ತುಂಬಿದ ನಮ್ಮ ಶಾಲೆಗೆ ನನ್ನ ನಮಸ್ಕಾರ. ಈಗ ಓದುತ್ತಿರುವ ಮಕ್ಕಳಿಗೆ ಒಂದು ಕೋರಿಕೆ: ಈ ಸಲ ಸುಗ್ಗಿಯಲ್ಲಿ ಮನೆಯ ಹೊಲದಿಂದ ಹತ್ತು ತೆನೆ ತಂದು ಸಾಲು ಎಣಿಸಿ, ಬರೆದಿಡಿ. ಶಲ್ ಅವರು ಆರಂಭಿಸಿದ್ದೂ ಅಲ್ಲಿಂದಲೇ.